ಪಾವಣೆ ಎರಡು

ರುದ್ರಮುನಿಯವರು ತರಗತಿಗೆ ಬಂದರೆಂಬುದು ಹಿಂದಿನ ಬೆಂಚಿನವರಿಗೆ ಮೊದಲು ಮೂಗಿನಿಂದಲೇ ತಿಳಿಯುತ್ತಿತ್ತು. ಬ್ಯಾಡಗಿಯ ಪೇಟೆ ತುಂಬುವ ದಿನಗಳಲ್ಲಿ ಅವರ ಕಂದು ಕೋಟಿಗೆ ಮೆಣಸಿನಕಾಯಿಯ ಘಾಟು ಹತ್ತಿಕೊಂಡಿರುತ್ತಿತ್ತು. ಅವರು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ನಾಲ್ಕೈದು ಸೀನುಗಳು ಸಿಡಿದು ತರಗತಿ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಎರಡು ತಾಸು, ಆಮೇಲೆ ಬ್ಯಾಡಗಿಯಲ್ಲಿ ಒಂದು, ಮಧ್ಯಾಹ್ನ ಹಾವೇರಿಯ ನಮ್ಮ ಕಾಲೇಜಿನಲ್ಲಿ ಎರಡು, ಹೀಗೆ ಮೂರೂರುಗಳಲ್ಲಿ ವಾಣಿಜ್ಯಶಾಸ್ತ್ರ ಹೇಳಿ ಸಂಜೆಗೆ ಮೋಟೆಬೆನ್ನೂರಿನ ಮನೆ ಸೇರುವ ಅತಿಥಿ ಉಪನ್ಯಾಸಕರು ಅವರು. ಒಂಬತ್ತು ವರ್ಷ ಅತಿಥಿಯಾಗಿ ಉಳಿದವರನ್ನು ನಮ್ಮ ಸೀಮೆಯಲ್ಲಿ ಮನೆಯವರೆನ್ನುತ್ತಾರೆ. ಸರಕಾರಕ್ಕೆ ಆ ರೂಢಿ ಇಲ್ಲ.

ನಡೆಯುವಾಗ ಅವರ ಮೈ ಕಾಲಿಗಿಂತ ಒಂದು ಗೇಣು ಮುಂದಿರುತ್ತಿತ್ತು. ಬಲಗೈ, ಯಾವ ಗಳಿಗೆಯಲ್ಲಾದರೂ ಬಸ್ಸಿನ ಕಂಬಿ ಹಿಡಿಯಬೇಕಾದೀತೆಂಬಂತೆ, ಅರ್ಧ ಮೇಲೆದ್ದೇ ಇರುತ್ತಿತ್ತು. ಆದರೂ ಅವರು ಓಡಿದ್ದನ್ನು ನಾನು ಕಾಣೆ. ಓಡುವವನು ಆಗಲೇ ತಡಮಾಡಿದವನೆಂಬುದು ಅವರ ಮತ. ಗಂಟೆ ಬಾರಿಸಿದ ಮೇಲೂ ಚಹಾದ ಲೋಟ ಕೆಳಗಿಡದ ನನ್ನಂಥ ಕನ್ನಡ ಮಾಸ್ತರನಿಗೆ ಈ ಶಿಸ್ತು ಅಚ್ಚರಿಯೂ ಹೌದು, ಸಣ್ಣ ಹಿಂಸೆಯೂ ಹೌದು. ವೇಳೆಯನ್ನು ಅವರು ಹಿರಿಯರ ಮಾತಿನಲ್ಲೇ ಹೇಳುತ್ತಿದ್ದರು. ಹತ್ತೂಕಾಲು ಅವರಿಗೆ ಸವ್ವಾ ಹತ್ತು, ಹತ್ತೂವರೆ ಸಾಡೇ ಹತ್ತು. ಹತ್ತಾಗಲು ಇನ್ನೂ ಕಾಲು ತಾಸು ಇದ್ದರೆ ಅದು ಪಾವಣೆ ಹತ್ತು. ಮೊಬೈಲಿನ ಅಂಕಿ ನೋಡಿ ಬೆಳೆದ ಹುಡುಗರು ನಗುತ್ತಿದ್ದರು, ಅವರು ಬಿಡುತ್ತಿರಲಿಲ್ಲ.

ವರ್ಷದ ಮೊದಲ ತರಗತಿಯಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ದಿನದ ವೇಳಾಪಟ್ಟಿ ಬರೆದು ತೋರಿಸಬೇಕಿತ್ತು. ರಾಣೆಬೆನ್ನೂರಿನ ತರಗತಿಗೆ ಮೇಡ್ಲೇರಿಯಿಂದ ಬರುತ್ತಿದ್ದ ಕಲ್ಲೇಶನೆಂಬವನು ಬೆಳಿಗ್ಗೆ ಐದರಿಂದ ಏಳರ ತನಕ ‘ಓದು’ ಎಂದು ಬರೆದಿದ್ದನಂತೆ. ಆ ಹೊತ್ತಿಗೆ ಮನೆಯಲ್ಲಿ ಹಾಲು ಕರೆಯುವವರಾರೆಂದು ಇವರು ಕೇಳಿದರು. ತಾನೇ ಎಂದ.

“ಹಂಗಾರ ಮೊದಲ ಎಮ್ಮಿ ಬರಿ,” ಎಂದರಂತೆ ರುದ್ರಮುನಿಯವರು. “ಅದನ್ನ ಬಿಟ್ಟ ಪಟ್ಟಿ ಸುಳ್ಳ ಪಟ್ಟಿ ಆಗತೈತಿ.”

ಎಮ್ಮೆ, ಸಗಣಿ, ಡೇರಿಯ ಸರದಿ, ಬಸ್ಸು, ಎಲ್ಲ ಬರೆದಾದ ಮೇಲೆ ಕಲ್ಲೇಶನಿಗೆ ದಿನದಲ್ಲಿ ಒಂದು ತಾಸು ಹತ್ತು ನಿಮಿಷ ಉಳಿಯಿತು. ಅಲ್ಲಿಯೂ ಬರೀ ‘ಓದು’ ಎಂದು ಬರೆಯಲು ಅವರು ಒಪ್ಪಲಿಲ್ಲ. ಯಾವ ಪುಸ್ತಕ, ಯಾವ ಪುಟದಿಂದ ಯಾವ ಪುಟ, ಎಲ್ಲಿ ಕುಳಿತು ಎಂಬುದೂ ಬೇಕು. ಆಡಿಕೊಂಡವರು ಇದ್ದರು; ನಾನೂ ಅವರಲ್ಲಿ ಒಬ್ಬನಾಗಿದ್ದೆ. ಆದರೆ ಆ ಹುಡುಗ ಮೂರು ವರ್ಷವೂ ಒಂದು ವಿಷಯವನ್ನೂ ಉಳಿಸಿಕೊಳ್ಳದೆ ಪಾಸಾದ.

ಇಂಥವರಿಂದಲೇ ಒಂದು ತಪ್ಪಾಯಿತು. ಎರಡು ವರ್ಷದ ಹಿಂದೆ, ನಮ್ಮ ಕಾಲೇಜಿನ ಕೊನೆಯ ವರ್ಷದ ಐವರಿಗೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಮೂರು ಗಂಟೆಗೆ ಗೊತ್ತಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರು ತಮಗೆ ಬೇಗನೆ ರೈಲು ಹಿಡಿಯಬೇಕೆಂದಾಗ, ರುದ್ರಮುನಿಯವರು ಐವರಿಗೂ ಫೋನು ಮಾಡಿ ಪಾವಣೆ ಎರಡಕ್ಕೆ ಬರಹೇಳಿದರು. ನಾಲ್ವರು ಒಂದೂಮುಕ್ಕಾಲಿಗೆ ಬಂದರು. ಐದನೆಯವಳು ಸುಚಿತ್ರಾ, ತಂದೆಯ ವರ್ಗಾವಣೆಯಿಂದಾಗಿ ಆ ವರ್ಷವಷ್ಟೇ ಚಾಮರಾಜನಗರದ ಕಡೆಯಿಂದ ಬಂದಿದ್ದ ಹುಡುಗಿ. ಅವಳ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದು ಪರೀಕ್ಷಕರು ಹೊರಟು ಹೋದ ಮೇಲೆ, ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ನಗುಮುಖದಿಂದ ಬಂದಳು. ಈಗಿನ ಮಕ್ಕಳಿಗೆ ವೇಳೆಯ ಪರಿವೆಯೇ ಇಲ್ಲವೆಂದು ನಾನು ಗಟ್ಟಿಯಾಗಿಯೇ ಅಂದೆ. ರುದ್ರಮುನಿಯವರು ಮಾತ್ರ ಯಾಕೆ ತಡವಾಯಿತೆಂದು ಕೇಳಿದರು.

“ತಡ ಎಲ್ಲಿ ಸರ್? ಪಾವ್ ಕಿಲೋ ಅಂದ್ರೆ ಕಾಲು ಕಿಲೋ ತಾನೆ? ಪಾವಣೆ ಎರಡು ಅಂದ್ರೆ ಎರಡೂಕಾಲು ಅಂದ್ಕೊಂಡೆ. ಐದು ನಿಮಿಷ ಮೊದಲೇ ಬಂದಿದ್ದೀನಿ.”

ರುದ್ರಮುನಿಯವರು ನೆಟ್ಟಗೆ ಪ್ರಾಚಾರ್ಯರ ಕೋಣೆಗೆ ನಡೆದರು. ಪರೀಕ್ಷೆ ತಪ್ಪಿದರೆ ಅವಳ ಪದವಿ ಒಂದು ವರ್ಷ ನಿಲ್ಲುತ್ತಿತ್ತು, ಎಂ.ಕಾಂ. ಅರ್ಜಿಯೂ ನಿಲ್ಲುತ್ತಿತ್ತು. ಪ್ರಾಚಾರ್ಯರು ಲೋಕ ಬಲ್ಲವರು. ಹುಡುಗಿಗೆ ಜ್ವರವಿತ್ತೆಂದು ಡಾಕ್ಟರ ಚೀಟಿ ತಂದರೆ ಕೆಲಸ ಸುಲಭವಾದೀತೆಂದರು. ತಪ್ಪು ಉಪನ್ಯಾಸಕರದೆಂದು ಬರೆದುಕೊಟ್ಟರೆ ಆ ಕಾಗದ ಮುಂದಿನ ವರ್ಷದ ಅತಿಥಿಗಳ ಆಯ್ಕೆಯ ಕಡತದಲ್ಲಿ ಕೂರುತ್ತದೆಂದೂ ಎಚ್ಚರಿಸಿದರು.

“ಆಕಿಗೆ ಜ್ವರ ಬಂದಿಲ್ರಿ ಸರ್,” ಎಂದರು ರುದ್ರಮುನಿಯವರು. “ನಾ ಹೇಳಿದ ವ್ಯಾಳ್ಯಾ ಆಕಿಗೆ ತಿಳೀಲಿಲ್ಲ. ತಪ್ಪು ನಂದೈತಿ. ಹಂಗ ಬರೀತೇನ್ರಿ.”

ಬರೆದರು. ಕಾಗುಣಿತ ನೋಡಿಕೊಡಲು ಆ ಕಾಗದವನ್ನು ನನ್ನ ಕೈಗಿತ್ತರು. ನೆಪ ಹೇಳಿದರೆ ಯಾರಿಗೂ ನಷ್ಟವಿಲ್ಲವಲ್ಲ ಎಂದು ನಾನು ಮೆಲ್ಲಗೆ ಅಂದೆ. ಅವರು ಕಾಗದವನ್ನು ಮರಳಿ ತೆಗೆದುಕೊಂಡು ಸಹಿ ಹಾಕಿದರು. ಮರುದಿನ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಮೂರೂ ಕಾಲೇಜುಗಳ ತರಗತಿ ಬಿಟ್ಟು, ಪರೀಕ್ಷಕರ ಊರಿಗೆ ಹೋಗಿ ಅವರ ಒಪ್ಪಿಗೆಯ ಸಹಿ ತಂದರು. ಹನ್ನೊಂದು ದಿನಗಳ ಮೇಲೆ ಸುಚಿತ್ರಾಳ ಪರೀಕ್ಷೆ ನಡೆಯಿತು. ಅವಳಿಗೆ ಎಂ.ಕಾಂ. ಸೀಟೂ ಸಿಕ್ಕಿತು.

ಮುಂದಿನ ವರ್ಷ ನಮ್ಮ ಕಾಲೇಜಿನ ಅತಿಥಿಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೆ ಸುಮ್ಮನಿದ್ದುದಕ್ಕೆ ನನಗೆ ಈಗಲೂ ನಾಚಿಕೆಯಿದೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಸುಚಿತ್ರಾ ಹೇಗಿದ್ದಾಳೆಂದು ವಿಚಾರಿಸಿದರು. ತಮ್ಮ ಕೆಲಸದ ಮಾತನ್ನು ತೆಗೆಯಲಿಲ್ಲ.

ವೇಳೆ ಪಾಲಿಸುವವರಿಗೆ ಲೋಕದಲ್ಲಿ ಬರವಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಆ ಗುಣ ತಡವಾಗಿ ಬಂದವರನ್ನು ಬೈಯಲಷ್ಟೇ ಒದಗುತ್ತದೆ. ಬಾಗಿಲಲ್ಲಿ ನಿಂತ ಮಗುವನ್ನು ಯಾಕೆಂದು ಕೇಳಿ, ಅದರ ಉತ್ತರದಲ್ಲಿ ತಮ್ಮದೇ ತಪ್ಪು ಕಂಡರೆ ಕಾಗದಕ್ಕಿಳಿಸಿ ಸಹಿ ಹಾಕುವ ಜನ ವಿರಳ. ಅಂಥವರು ಪರರ ಮಕ್ಕಳ ಒಂದು ವರ್ಷವನ್ನು ಉಳಿಸಲು ತಮ್ಮ ವರ್ಷಗಳನ್ನು ತೆರುತ್ತಾರೆ, ತೆತ್ತದ್ದನ್ನು ಯಾರ ಮುಂದೆಯೂ ಆಡುವುದಿಲ್ಲ.