ಹದಿಮೂರನೆಯ ನೀಲಿ ಪರದೆ

ಬಟ್ಟೆ ಒಣಹಾಕಿ ಖಾಲಿ ಬಕೆಟ್ ಹಿಡಿದು ಒಳಗೆ ಬಂದಾಗ ಕಂಪ್ಯೂಟರ್ ಕೆಟ್ಟು ನಿಂತು ಅದರ ಪರದೆ ಮತ್ತೆ ನೀಲಿಯಾಗಿತ್ತು. ಹನ್ನೆರಡನೆಯ ಸಲ. ಮುಕ್ಕಾಲು ಮುಗಿದಿದ್ದ ಚಿತ್ರ ಹೋಯಿತು. ಅವಳು ಬಕೆಟ್ ಕೆಳಗಿಟ್ಟು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವಳು ಮನೆಯಲ್ಲೇ ಕೂತು ಕಟ್ಟಡಗಳ ಚಿತ್ರ ಬರೆದುಕೊಡುವ ನಕ್ಷೆಗಾರ್ತಿ. ಅವಳು ಗೆರೆ ಎಳೆದುಕೊಟ್ಟ ಮೇಲೆ ಅದನ್ನು ಪೂರ್ತಿ ಚಿತ್ರ ಮಾಡಲು ಕಂಪ್ಯೂಟರ್ ಗಂಟೆಗಟ್ಟಲೆ ತಾನೇ ಓಡಬೇಕಿತ್ತು. ಶಾಲೆಯೊಂದರ ಮೆಟ್ಟಿಲಿನ ಚಿತ್ರಗಳು ಇವತ್ತು ಸಂಜೆ ನಾಲ್ಕಕ್ಕೆ ಇಂಜಿನಿಯರ್ ಕೈ ಸೇರಬೇಕಿತ್ತು. "ಎರಡು ಸಲ ತಡ ಮಾಡಿದ್ದೀರಿ. ಇನ್ನೊಂದು ಸಲ ಆದರೆ ಬೇರೆಯವರನ್ನ ನೋಡ್ಕೋತೀನಿ," ಎಂದು ಆತ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಆರು ವರ್ಷದಿಂದ ಕಷ್ಟಪಟ್ಟು ಉಳಿಸಿಕೊಂಡ ಕೆಲಸ ಅದು.

"ಮತ್ತೆ ಕೆಡಿಸಿದ್ರಾ?" ಬಾಗಿಲಲ್ಲಿ ಮೈದುನ ನಿಂತಿದ್ದ. ಮಿಕ್ಸರಿನಿಂದ ಟಿವಿವರೆಗೆ ಎಲ್ಲದಕ್ಕೂ ಕೈ ಹಾಕುವ ಅವನನ್ನು ಮನೆಯವರು ಪಂಡಿತ ಎನ್ನುತ್ತಿದ್ದರು. ಮೂರು ವಾರದ ಹಿಂದೆ, ಯಾರೂ ಕೇಳದಿದ್ದರೂ, ಈ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿದ್ದವನು ಅವನೇ. ಪ್ರೊಸೆಸರ್ ಅನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿ, ಬಿಸಿಯಾಗದಿರಲೆಂದು ವೋಲ್ಟೇಜ್ ಇಳಿಸಿದ್ದ.

"ನಾನು ಇಲ್ಲಿರಲೇ ಇಲ್ಲ. ಬಟ್ಟೆ ಒಣಹಾಕ್ತಿದ್ದೆ."

"ನನ್ನ ಕೈಲಿ ಎರಡು ಗಂಟೆ ಪರೀಕ್ಷೆ ಓಡಿದೆ, ಅತ್ತಿಗೆ. ನೂರಕ್ಕೆ ನೂರು ಜೋರಿನಲ್ಲಿ. ಒಂದು ಸಲವೂ ಅಲುಗಾಡಲಿಲ್ಲ. ನೀವು ಮುಟ್ಟಿದ ಕೂಡಲೇ ಮಲಗುತ್ತೆ. ಉಸಿರು ಬಿಡೋಕೆ ಬಿಡದೆ ದುಡಿಸ್ತೀರಿ. ಏಳುವಾಗ ಅದರ ಕೆಲಸ ನಿಲ್ಲಿಸಿ ಏಳಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ನಿಲ್ಲಿಸಿಯೇ ಎದ್ದೆ."

"ಹಾಗಾದ್ರೆ ಅದಕ್ಕೆ ನಿಮ್ಮ ಮುಖ ನೋಡಿಯೇ ಬೇಸರ."

ಒಳಗಿನಿಂದ ಅತ್ತೆ ದನಿಗೂಡಿಸಿದರು. "ಅವನು ಮುಟ್ಟಿದ್ರೆ ಸರಿ ಇರುತ್ತೆ, ಇವಳು ಮುಟ್ಟಿದ್ರೆ ಕೆಡುತ್ತೆ. ಅದೇನು ಕೈಗುಣಾನೋ!"

ಈ ಮೂರು ವಾರದಲ್ಲಿ ಪಂಡಿತ ಫ್ಯಾನ್ ಬಿಚ್ಚಿದ್ದ, ಪ್ರೊಸೆಸರ್ ಮೇಲಿನ ಬಿಸಿ ಇಳಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿದ್ದ, ಮೆಮೊರಿ ಪಟ್ಟಿಗಳನ್ನು ಕಿತ್ತು ಮತ್ತೆ ಕೂರಿಸಿದ್ದ. ತಾನು ಬದಲಿಸಿದ ವೇಗದ ತಂಟೆಗೆ ಮಾತ್ರ ಹೋಗಿರಲಿಲ್ಲ.

ಅವಳು ಕಪಾಟಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ಮಗಳಿಗೆ ಜ್ವರ ಬಂದಾಗಲೆಲ್ಲ ಗಂಟೆ, ಜ್ವರ, ಕೊಟ್ಟ ಔಷಧಿ ಬರೆದಿಡುತ್ತಿದ್ದ ಪುಸ್ತಕ ಅದು. ಅದರ ಹಿಂದಿನ ಹಾಳೆಗಳಲ್ಲಿ ಈಗ ಕಂಪ್ಯೂಟರಿನ ಕಾಯಿಲೆ ಬರೆಯುತ್ತಿದ್ದಳು. ಇವತ್ತಿನದನ್ನೂ ಸೇರಿಸಿದಳು: "೧೦.೫೦. ಬಟ್ಟೆ ಒಣಹಾಕುವಾಗ." ಹಾಗೇ ಕಣ್ಣು ಮೇಲಿನ ಸಾಲುಗಳಿಗೆ ಹೋಯಿತು. ಹಾಲು ಕಾಯಿಸುವಾಗ. ಮಗಳ ತಲೆ ಬಾಚುವಾಗ. ನೆಲ ಒರೆಸುವಾಗ. ಹಾಲು ಕಾಯಿಸುವಾಗ.

ಕೆಲಸ ಓಡುತ್ತಿದ್ದಾಗ ಎಂದು ಒಂದೇ ಒಂದು ಸಾಲೂ ಇರಲಿಲ್ಲ.

ಪಾಪ, ದಣಿದಿರುತ್ತದೆ ಎಂದು ಅವಳು ಎದ್ದಾಗಲೆಲ್ಲ ಕೆಲಸ ನಿಲ್ಲಿಸಿ ಅದಕ್ಕೆ ವಿಶ್ರಾಂತಿ ಕೊಟ್ಟಿದ್ದಳು. ಅದು ಸತ್ತಿದ್ದೆಲ್ಲ ವಿಶ್ರಾಂತಿಯಲ್ಲೇ.

"ಕೂತ್ಕೋ," ಎಂದಳು ಪಂಡಿತನಿಗೆ.

"ಯಾಕೆ?"

"ನಾನೂ ಮುಟ್ಟಲ್ಲ, ನೀನೂ ಮುಟ್ಟಬೇಡ. ಆನ್ ಮಾಡಿ ಸುಮ್ಮನೆ ನೋಡೋಣ."

"ಸುಮ್ಮನಿದ್ರೆ ಏನಾಗುತ್ತೆ? ನಡೆಯುವಾಗ ಬೀಳೋರನ್ನ ನೋಡಿದ್ದೀನಿ, ಮಲಗಿದ್ದಾಗ ಬೀಳೋರು ಯಾರಿದ್ದಾರೆ?"

"ಕೂತ್ಕೋ ಅಂದೆ."

ಅವನು ಕೂತ, ಕೈ ಕಟ್ಟಿಕೊಂಡು, ಮುಖ ಊದಿಸಿಕೊಂಡು. ಐದು ನಿಮಿಷ. ಹತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫ್ಯಾನಿನ ಸದ್ದು ತಗ್ಗಿ ಪಿಸುಗುಟ್ಟುವಷ್ಟಾಯಿತು. "ನನಗೂ ಬೇರೆ ಕೆಲಸ ಇದೆ," ಎಂದು ಅವನು ಏಳಹೊರಟ. ಅವಳು ಬೆರಳೆತ್ತಿ ಪರದೆ ತೋರಿಸಿದಳು.

ನೀಲಿ.

ಹದಿನಾಲ್ಕನೇ ನಿಮಿಷ. ಯಾರ ಬೆರಳೂ ತಾಗಿರಲಿಲ್ಲ.

"ಕೆಲಸ ಇಲ್ಲದಾಗ ಅದು ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತೆ," ಎಂದಳು. "ನೀನು ಮೊದಲೇ ಇಳಿಸಿಟ್ಟಿದ್ದೀಯ. ಇನ್ನೂ ಇಳಿದರೆ ನೀನು ಏರಿಸಿದ ವೇಗಕ್ಕೆ ಸಾಲಲ್ಲ. ನೀನು ಓಡಿಸಿ ಓಡಿಸಿ ನೋಡಿದೆ. ಒಂದು ದಿನವೂ ಕೂರಿಸಿ ನೋಡಲಿಲ್ಲ."

"ಒಂದು ಸಲ ಆಗಿದ್ದಕ್ಕೆ..."

"ಹದಿಮೂರು ಸಲ." ನೋಟ್‌ಬುಕ್ಕನ್ನು ಅವನ ಮಡಿಲಿಗೆ ಎಸೆದಳು. "ಓದು, ಪಂಡಿತ."

ಅವನು ಓದಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬಡಿದಿಟ್ಟು, ಬಾಗಿಲು ಗೋಡೆಗೆ ಅಪ್ಪಳಿಸುವಂತೆ ತೆರೆದು ಹೋದ.

ಅವಳು ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಶುರುವಿನಲ್ಲೇ ಕೀಲಿ ಒತ್ತಿ, ಅವನು ಓಡಾಡುತ್ತಿದ್ದ ಸೆಟ್ಟಿಂಗ್ ಪುಟಕ್ಕೆ ಹೋದಳು. ವೇಗ, ವೋಲ್ಟೇಜ್ ಎಲ್ಲವನ್ನೂ ಕಂಪನಿ ಕೊಟ್ಟಿದ್ದ ಅಳತೆಗೆ ತಂದಳು. ಹೊರಬರುವ ಮುಂಚೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಏನೋ ಟೈಪ್ ಮಾಡಿ, ಉಳಿಸಿ ಹೊರಬಂದಳು.

ಚಿತ್ರ ಓಡತೊಡಗಿತು. "ಹಾಲು ನೋಡಮ್ಮಾ!" ಎಂದು ಅತ್ತೆ ಕೂಗಿದಾಗ ಅವಳ ಕೈ ಅಭ್ಯಾಸದಿಂದ ನಿಲ್ಲಿಸುವ ಗುಂಡಿಯತ್ತ ಹೋಯಿತು. ಹಿಂದಕ್ಕೆಳೆದುಕೊಂಡು, ಓಡುತ್ತಿದ್ದುದನ್ನು ಓಡಲು ಬಿಟ್ಟು ಎದ್ದಳು. ಒಲೆಯ ಮುಂದೆ ನಿಂತಷ್ಟು ಹೊತ್ತೂ ಕಿವಿ ಆ ಫ್ಯಾನಿನ ಮೇಲೇ ಇತ್ತು.

ಮೂರು ಮುಕ್ಕಾಲಕ್ಕೆ ಚಿತ್ರಗಳು ಹೋದವು. "ಬಂತು," ಎಂದು ಇಂಜಿನಿಯರ್ ಒಂದೇ ಪದದ ಉತ್ತರ ಕಳಿಸಿದ. ಅವಳು ಅದನ್ನು ಎರಡು ಸಲ ಓದಿದಳು.

"ಅಂತೂ ಪಂಡಿತ ಸರಿ ಮಾಡಿಕೊಟ್ಟ ಅನ್ನು," ಎಂದರು ಅತ್ತೆ ಊಟಕ್ಕೆ ಕೂತಾಗ.

ಪಂಡಿತ ತಟ್ಟೆಯಿಂದ ತಲೆಯೆತ್ತದೆ, "ಹೂಂ, ಸರಿ ಆಯ್ತು. ಆದ್ರೆ ನಿಧಾನ ಆಗಿದೆ. ನಾಳೆ ಕೂತು ಸ್ವಲ್ಪ ಏರಿಸಿಕೊಡ್ತೀನಿ," ಎಂದ.

ಅವಳು ಅವನ ತಟ್ಟೆಗೆ ಅನ್ನ ಬಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಹಗ್ಗದ ಮೇಲೆ ಮಗಳ ಸಮವಸ್ತ್ರ ಹರವುತ್ತಿದ್ದಾಗ ಒಳಗಿನಿಂದ ಕೂಗು ಬಂತು.

"ಅತ್ತಿಗೇ! ಇದೇನು, ಸೆಟ್ಟಿಂಗಿಗೆ ಹೋಗೋಕೆ ಪಾಸ್‌ವರ್ಡ್ ಕೇಳ್ತಿದೆ?"

ಅವಳು ತೋಳಿನ ಸುಕ್ಕು ಬಿಡಿಸಿದಳು.

"ಅತ್ತಿಗೇ! ಕೇಳಿಸ್ತಾ?"

ಕೀಲಿಮಣೆ ಕಟಕಟ ಅಂದಿತು. ಮತ್ತೊಮ್ಮೆ. ಮೂರನೆಯ ಸಲ ಜೋರಾಗಿ. ಆಮೇಲೆ ಯಂತ್ರ ಉದ್ದಕ್ಕೆ ಒಂದು ಬೀಪ್ ಹೊಡೆದು ಸುಮ್ಮನಾಯಿತು. ಅವಳು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು, ನೀರು ಹೋಗುವಂತೆ ಗಟ್ಟಿಯಾಗಿ ಹಿಂಡಿದಳು.