ನಾಲ್ಕು ಮಡಿಕೆಯಲ್ಲಿ ಸೋಸಿದ್ದು

ಜೆಪ್ಪುವಿನ ಬೊನಿಫಾಸರ ಮನೆಯಲ್ಲಿ ಮಗಳ ಮದುವೆಯ ವಾರ. ಹೆಂಗಸರಿಗೆ ಬೆನ್ನು ಮುರಿಯುವಷ್ಟು ಕೆಲಸ, ಗಂಡಸರಿಗೆ ಒಂದೇ ಚಿಂತೆ. ಅಕ್ಕಿ ಸಾಕೋ, ಸೀರೆ ಬಂತೋ ಎಂಬ ಚಿಂತೆಯಲ್ಲ. ರೋಸಿಗೆ ಕುಡಿಯಲು ಎಂತ ಉಂಟು ಎಂಬ ಚಿಂತೆ. ರೋಸ್ ಎಂದರೆ ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಕ್ರಿಸ್ತುವರ ಶಾಸ್ತ್ರ. ಹಾಲು ಹುಡುಗಿಯ ತಲೆಗೆ, ಶರಾಬು ನೆಂಟರ ಗಂಟಲಿಗೆ. ಪಾನನಿರೋಧದ ಕಾನೂನು ಬಂದು ಹತ್ತು ವರ್ಷ ಮೀರಿದ್ದರೂ ಈ ಎರಡನೆಯ ಶಾಸ್ತ್ರ ಬಿಟ್ಟ ಮನೆಯನ್ನು ನಾನು ಕಂಡಿಲ್ಲ. ಉಪವಾಸ ತಪ್ಪಿಸಿದರೆ ಪಾದ್ರಿಗಳ ಹತ್ತಿರ ಹೇಳಿ ಬಿಡುಗಡೆ ಪಡೆಯಬಹುದು, ಗ್ಲಾಸು ಇಡದಿದ್ದರೆ ಮಾತ್ರ ಮೂರು ತಲೆಮಾರಿನ ಮಾನ ಹೋಗುತ್ತದೆ.

ನಾನು ಪಕ್ಕದ ಮನೆಯ ನೆಲ್ಲಿ, ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮದುಮಗಳು ಒಲಿಂಡಾ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಬೊನಿಫಾಸ್ ಬೀಟಿ ಮರದ ಕಪಾಟು ಮಾಡುವುದರಲ್ಲಿ ಎತ್ತಿದ ಕೈ, ಸಾಧು ಮನುಷ್ಯ. ಆದರೆ ಅಣ್ಣ ರಾಫೆಲ್ ಎದುರಿಗಿದ್ದರೆ ಅವರಿಗೆ ಬಾಯಿಯೇ ಇರುತ್ತಿರಲಿಲ್ಲ.

ನೆಂಟರಿಗೆಂದು ವಾಮಂಜೂರಿನ ಗದ್ದೆಯ ಬದುವಿನಲ್ಲಿ ಹೂತಿಟ್ಟಿದ್ದ ಕಳ್ಳಭಟ್ಟಿಯ ಹಂಡೆಯನ್ನು ಪೊಲೀಸರು ಅಗೆದು ಒಯ್ದರೆಂಬ ಸುದ್ದಿ ರೋಸಿಗೆ ಎರಡು ದಿನವಿರುವಾಗ ಬಂತು. ರಾಫೆಲ್ ತಮ್ಮನ ಕಾರ್ಖಾನೆಯೊಳಗೆ ಕಣ್ಣಾಡಿಸಿದರು.

“ಮನೆಯಲ್ಲೇ ಪಾಲಿಶಿನ ಸ್ಪಿರಿಟ್ ಉಂಟಲ್ಲ ಮಾರಾಯ. ನೀರು ಹಾಕಿದರೆ ಅರಗು ಬೇರೆಯಾಗ್ತದೆ, ಸೋಸಿದರೆ ಆಯ್ತು.”

ಸೋಸಲು ಸಿಕ್ಕಿದ್ದು ಒಲಿಂಡಾಳ ರೋಸಿನ ತೆಂಗಿನ ಹಾಲು ಹಿಂಡಲೆಂದು ತಾಯಿ ಮಟಿಲ್ಡಾ ಒಗೆದು ಇಟ್ಟಿದ್ದ ಬಿಳಿ ಬಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಮಡಕೆಯ ಬಾಯಿಗೆ ಕಟ್ಟಿದರು. ಒಲಿಂಡಾ ಓಡಿಬಂದು ನನ್ನನ್ನು ಕರೆದಳು. ನಾನು ಹೋಗುವಾಗ ಅರಗಿನ ಮಡ್ಡಿ ಬಟ್ಟೆಯ ಮೇಲೆ ನಿಂತಿತ್ತು, ಕೆಳಗೆ ತಿಳಿ ನೀರಿನಂಥದ್ದು ಇಳಿದಿತ್ತು. ರಾಫೆಲರ ಮುಖದಲ್ಲಿ ಗೆದ್ದ ಕಳೆ.

“ಇದನ್ನು ಕುಡಿದವನು ಕಣ್ಣು ಕಳಕೊಳ್ತಾನೆ, ಜೀವವೂ ಹೋಗ್ತದೆ,” ಎಂದೆ. “ಕುಡಿಯಬಾರದೆಂದೇ ಇದಕ್ಕೆ ವಿಷದ ಸ್ಪಿರಿಟ್ ಬೆರೆಸಿರ್ತಾರೆ. ಶರಾಬಿನಲ್ಲೂ ಆ ವಿಷದಲ್ಲೂ ಇರುವುದು ಇಂಗಾಲ, ಜಲಜನಕ, ಆಮ್ಲಜನಕ, ಮೂರೇ ಬಗೆಯ ಪರಮಾಣು. ಶರಾಬಿನ ಒಂದು ಅಣುವಿನಲ್ಲಿ ಇಂಗಾಲ ಎರಡು, ವಿಷದ್ದರಲ್ಲಿ ಒಂದು. ನೋಡಿದರೆ, ಮೂಸಿದರೆ ಗೊತ್ತಾಗುವುದಿಲ್ಲ.”

“ಒಂದು ಕಡಿಮೆ ಇದ್ದರೆ ಒಳ್ಳೆಯದೇ ಅಲ್ಲವಾ ಟೀಚರ್?” ಎಂದರು ರಾಫೆಲ್. ಅಂಗಳದಲ್ಲಿದ್ದ ಗಂಡಸರೆಲ್ಲ ನಕ್ಕರು. ವರನ ಕುಲವನ್ನು ಅಜ್ಜನ ಅಜ್ಜನವರೆಗೆ ಜಾಲಾಡಿದ್ದ ಈ ಮಹಾಶಯರಿಗೆ ಸ್ಪಿರಿಟ್ ಡಬ್ಬಿಯೊಳಗಿನದರ ಕುಲ ಕೇಳುವ ಬುದ್ಧಿ ಬರಲಿಲ್ಲ.

“ಸೋಸಿದೆವಲ್ಲ, ಕಸ ಎಲ್ಲ ಮೇಲೆ ಉಳಿಯಿತು.”

“ಕರಗದೆ ಇರುವುದು ಮಾತ್ರ ಬಟ್ಟೆಯ ಮೇಲೆ ಉಳಿಯುವುದು. ಬೆರೆತದ್ದು ಜೊತೆಗೇ ಇಳಿಯುತ್ತದೆ. ಕಾಯಿಸಿ ಆವಿ ಹಿಡಿದರೂ ನಿಮ್ಮ ಹಂಡೆಯಲ್ಲಿ ಇವೆರಡನ್ನು ಬೇರೆ ಮಾಡಲಿಕ್ಕಾಗದು. ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಏಳುತ್ತವೆ.”

ಒಲಿಂಡಾ ಒಳಗೆ ಹೋಗಿ ಉಪ್ಪಿನ ಭರಣಿ ತಂದಳು. ಒಂದು ಹಿಡಿ ಉಪ್ಪನ್ನು ನೀರಿಗೆ ಹಾಕಿ ಕರಗಿಸಿದಳು, ಇನ್ನೊಂದು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಗ್ಲಾಸನ್ನು ದೊಡ್ಡಪ್ಪನ ಮುಂದೆ ಹಿಡಿದಳು.

“ಕುಡಿದು ನೋಡಿ ದೊಡ್ಡಪ್ಪ. ಉಪ್ಪು ಹೋಯಿತಾ ಹೇಳಿ.”

“ಮದುಮಗಳು ಮದುಮಗಳ ಹಾಗೆ ಒಳಗಿರಬೇಕು. ಶಾಲೆಯ ಆಟ ಇಲ್ಲಿ ಬೇಡ,” ಎಂದು ರಾಫೆಲ್ ಗ್ಲಾಸನ್ನು ಬದಿಗೆ ತಳ್ಳಿದರು. ನಾಲಗೆ ತಾಗಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು. ಅಷ್ಟು ಮಾಡಲೂ ಆ ದೊಡ್ಡ ಮನುಷ್ಯರ ದೊಡ್ಡಸ್ತಿಕೆ ಅಡ್ಡ ಬಂತು.

ನೆಂಟರಿಗೆ ಕೊಡುವ ಮೊದಲು ಮನೆತನದ ಹಿರಿಯ ಕುಡಿದು ಒಪ್ಪಬೇಕೆಂಬುದು ಇನ್ನೊಂದು ಕ್ರಮ. ರಾಫೆಲರಿಗೆ ಹೊಟ್ಟೆಹುಣ್ಣಿಗೆ ಔಷಧಿ ನಡೆಯುತ್ತಿತ್ತು, ಕುಡಿಯಬಾರದೆಂದು ಡಾಕ್ಟರು ಹೇಳಿದ್ದರು. ಡಾಕ್ಟರ ಮಾತು ಅವರಿಗೆ ವೇದವಾಕ್ಯ, ಅವರ ಸ್ವಂತ ಹೊಟ್ಟೆಯ ವಿಷಯವಲ್ಲವೇ. ಆದ್ದರಿಂದ ಗ್ಲಾಸು ತಮ್ಮನ ಕೈಗೆ ಬಂತು. ಬೊನಿಫಾಸ್ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು.

“ಬೇಡ ಪಪ್ಪ,” ಎಂದಳು ಒಲಿಂಡಾ.

“ಹೆಣ್ಣಿನ ಮಾತಿಗೆ ಹೆದರಿದ ಎಂದು ನಾಳೆ ಇಡೀ ಜೆಪ್ಪು ಹೇಳಲಿ,” ಎಂದರು ರಾಫೆಲ್.

ಬೊನಿಫಾಸ್ ಒಂದು ಗ್ಲಾಸು ಕುಡಿದರು, ಒಳ್ಳೆಯದುಂಟು ಎಂದು ಇನ್ನೊಂದೂ ಕುಡಿದರು. ಒಲಿಂಡಾ ಮಡಕೆಯನ್ನು ಎತ್ತಿ ಅಂಗಳಕ್ಕೆ ಬಡಿದಳು. ಎಲ್ಲರೂ ಅವಳನ್ನು ಬೈದರು. ಆ ಬೈದವರೆಲ್ಲ ಇಂದು ಎರಡು ಕಣ್ಣು ಬಿಟ್ಟು ನಡೆದಾಡುತ್ತಿರುವುದು ಅವಳ ದಯೆಯಿಂದ. ಒಬ್ಬನೂ ಬಂದು ಅದನ್ನು ಹೇಳಿಲ್ಲ.

ಮರುದಿನ ಬೆಳಿಗ್ಗೆ ಬೊನಿಫಾಸ್ ಎದ್ದು ಗೋಡೆ ತಡವುತ್ತ ನಿಂತರು. “ಮಟಿಲ್ಡಾ, ಎಲ್ಲ ಬೆಳ್ಳಗೆ ಕಾಣ್ತದೆ. ತೆಂಗಿನ ಹಾಲಿನೊಳಗೆ ಕಣ್ಣು ಬಿಟ್ಟ ಹಾಗೆ.” ಮಧ್ಯಾಹ್ನಕ್ಕೆ ಅದೂ ಹೋಯಿತು. ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದುಕೊಂಡು, “ನಿನ್ನ ಕಪಾಟಿಗೆ ಪಾಲಿಶ್ ಕೊಡಲಿಕ್ಕೆ ಬಾಕಿ ಉಂಟು,” ಎಂದು ಒಂದೇ ಸಮನೆ ಹೇಳುತ್ತಿದ್ದರು. ಮದುವೆ ಮುಂದೆ ಹೋಯಿತು, ಅದು ನಡೆಯಬೇಕಿದ್ದ ದಿನವೇ ಸಂಜೆ ತೀರಿಕೊಂಡರು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು, ಇಂದಿಗೂ ಇಳಿದಿಲ್ಲ.

ಬೊನಿಫಾಸ್ ತೀರಿಕೊಂಡು ತಿಂಗಳಾದ ಪೂಜೆಯ ದಿನ ಊಟಕ್ಕೆ ನೆಂಟರು ಸೇರಿದರು. ರಾಫೆಲರ ಹುಣ್ಣು ವಾಸಿಯಾಗಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು, “ಸತ್ತವನ ಹೆಸರಿಗೆ ಒಂದೊಂದು ಗ್ಲಾಸಾದರೂ ಇಡಬೇಕು ಮಟಿಲ್ಡಾ. ಜನ ಎಂತ ಹೇಳಿಯಾರು?” ಎಂದರು. ವಿಧವೆಯ ಮುಂದೆ ನಿಂತು ಈ ಮಾತು ಹೇಳುವಾಗ ಆ ಮನುಷ್ಯನ ನಾಲಗೆ ತಡವರಿಸಲೂ ಇಲ್ಲ.

“ಉಂಟು ದೊಡ್ಡಪ್ಪ, ಕೂತುಕೊಳ್ಳಿ,” ಎಂದಳು ಒಲಿಂಡಾ. ತಟ್ಟೆಯಲ್ಲಿ ಗ್ಲಾಸುಗಳನ್ನಿಟ್ಟು ತಂದು, ಮೊದಲನೆಯದನ್ನು ಅವರಿಗೇ ಕೊಟ್ಟಳು. ತಿಳಿಯಾಗಿತ್ತು. ರಾಫೆಲ್ ತಮ್ಮನ ಆತ್ಮಕ್ಕೆಂದು ಹೇಳಿ ಒಂದೇ ಗುಟುಕಿಗೆ ಏರಿಸಿದರು. ಮುಖ ಕಿವುಚಿದರು, ಬಾಯಿಯೊಳಗಿನದು ಅರ್ಧ ಅಂಗಿಯ ಮೇಲೆ ಬಿತ್ತು.

“ಎಂತ ಇದು? ಬರೀ ಉಪ್ಪು.”

“ಸೋಸಿದ್ದೇನಲ್ಲ,” ಎಂದಳು ಒಲಿಂಡಾ. “ನಾಲ್ಕು ಮಡಿಕೆಯಲ್ಲಿ. ನೀವು ಪಪ್ಪನಿಗೆ ಸೋಸಿ ಕೊಟ್ಟ ಅದೇ ಬಟ್ಟೆಯಲ್ಲಿ.”

ಮಿಕ್ಕವರು ಗ್ಲಾಸುಗಳನ್ನು ಮುಟ್ಟಲಿಲ್ಲ. ಮೊದಲು ಎದ್ದವರು ವಾಮಂಜೂರಿನ ವರನ ತಂದೆ. ಒಲಿಂಡಾ ಅವರ ಕಡೆಗೆ ತಿರುಗಿದಳು.

“ನನ್ನ ರೋಸಿಗೂ ಈ ಮನೆಯಲ್ಲಿ ಇದೇ ಉಂಟು ಮಾವ. ಆಗುವುದಾದರೆ ದಿನ ಹೇಳಿ.”