ಚಾಡಿಕೋರನ ಮೆರವಣಿಗೆ

ಮೊಬೈಲಿನಲ್ಲಿ ನೋಡುತ್ತಿದ್ದ ಜಪಾನಿ ಕಾರ್ಟೂನ್ ಸರಣಿಯಲ್ಲಿ ನೇತ್ರಳಿಗೆ ನಾಯಕ ಬೇಕಿರಲಿಲ್ಲ, ಅವನ ಎದುರಾಳಿ ಪತ್ತೇದಾರನೇ ಇಷ್ಟ. ಮಹಾ ಬುದ್ಧಿವಂತ, ಅಷ್ಟೇ ನಾಚಿಕೆಯವನು, ಕಳ್ಳನ ಹೆಸರನ್ನು ಬಾಗಿಲ ಮರೆಯಿಂದ ಪಿಸುಗುಟ್ಟುವವನು. ಥೇಟ್ ನನ್ನ ಹಾಗೆ ಎಂದುಕೊಳ್ಳುತ್ತಿದ್ದಳು.

ಊರವರು ಒಬ್ಬರಿಗೊಬ್ಬರು ಸಗಣಿ ಎರಚಾಡುವ ಗುಮಟಾಪುರದ ಸಗಣಿ ಹಬ್ಬದ ದಿನವೇ ನೇತ್ರಳ ಮನೆಯವರ ಹೊಲದ ಸೋಲಾರ್ ಬೇಲಿಯ ಬ್ಯಾಟರಿ ಕಾಣೆಯಾಯಿತು. ಅಪ್ಪ ಹೊಲ ಕಾಯುವ ಪುಟ್ಟಮಾದನನ್ನು ನಡುಬೀದಿಯಲ್ಲಿ ಕಳ್ಳನೆಂದು ಬೈದು ಕೆಲಸ ಬಿಡಿಸಿದ. ಪಕ್ಕದಲ್ಲೇ ನಿಂತಿದ್ದ ಅಣ್ಣ ಮಣಿಕಂಠನ ಹೊಸ ಅಂಗಿಯ ತುಂಬ ಸಣ್ಣ ತೂತುಗಳು. ಪಟಾಕಿ ಕಿಡಿ ಎಂದಿದ್ದ. ಕಿಡಿಯಾದರೆ ಅಂಚು ಕರಿಯಾಗಬೇಕಲ್ಲ? ಇದು ಬ್ಯಾಟರಿಯ ಆಸಿಡ್, ಹೊತ್ತೊಯ್ದವನು ಅಣ್ಣನೇ ಎಂದು ನೇತ್ರಳಿಗೆ ಹೊಳೆದುಬಿಟ್ಟಿತು.

ಇನ್ನೇನು ಬಾಯಿ ತೆರೆಯಬೇಕು, ಹಬ್ಬಕ್ಕೆಂದು ಚಾಡಿಕೋರನ ವೇಷ ಹಾಕಿದವನ ಮೆರವಣಿಗೆ ಬಂತು. ಹುಲ್ಲಿನ ಮೀಸೆ ಅಂಟಿಸಿ ಕತ್ತೆಯ ಮೇಲೆ ಕೂರಿಸಿದ ಅವನನ್ನು ಊರೇ ಬೈಯುತ್ತಿತ್ತು. ಚಾಡಿ ಹೇಳುವವರಿಗೆ ಅಲ್ಲಿ ಇದೇ ಮರ್ಯಾದೆ. ನೇತ್ರ ಬಾಯಿ ಮುಚ್ಚಿಕೊಂಡಳು.

ಸಂಜೆ ಪುಟ್ಟಮಾದನ ಮಗಳು ಸಂಗೀತ ಅಂಗಳಕ್ಕೆ ಬಂದಳು. ಇಬ್ಬರೂ ಒಂದೇ ಮೊಬೈಲಿನಲ್ಲಿ ಆ ಸರಣಿ ನೋಡುವವರು.

"ಅಕ್ಕ, ನಿನ್ ಪತ್ತೇದಾರ ಇಲ್ಲಿದ್ದಿದ್ರ ಕಳ್ಳನ್ನ ಕಂಡಿಡ್ದುಬುಡ್ತಿದ್ದ, ಅಲ್ವಾ?"

"ಊಂ ಕಣವ್ವ."

"ಎಷ್ಟ್ ನಾಚ್ಕ ಆದ್ರೂ ಮೆಲ್ಲಕ್ಕಾದ್ರೂ ಯೋಳ್ತಿದ್ದ."

ನೇತ್ರ ಬಾಗಿಲ ಮರೆಗೆ ಸರಿದಳು. ಅಲ್ಲಿಂದಲೂ ಅವಳ ದನಿ ಹೊರಡಲಿಲ್ಲ.